ಜಯನಗರ, ವೈಟ್‌ಫೀಲ್ಡ್: ಮನೆಯ ಬೆಲೆಯನ್ನು ಬಿಡಿಸಿ ನೋಡುವ ಬಗೆ

ಬೆಂಗಳೂರಿನಲ್ಲಿ ಮನೆ ಹುಡುಕಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ, "ಅಲ್ಲಿ ಚದರ ಅಡಿಗೆ ಎಷ್ಟು ನಡೀತಿದೆ?" ಜಯನಗರಕ್ಕೆ ಒಂದು ಅಂಕಿ ಸಿಗುತ್ತದೆ, ವೈಟ್‌ಫೀಲ್ಡ್‌ಗೆ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಬರೆದುಕೊಂಡು ಯಾವುದು ಅಗ್ಗ ಎಂದು ತೀರ್ಮಾನಿಸಿಬಿಡುತ್ತೇವೆ. ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಜಯನಗರದಲ್ಲಿ ನೀವು ಕೊಡುವ ದುಡ್ಡಿನ ದೊಡ್ಡ ಪಾಲು ನೆಲಕ್ಕೆ ಹೋಗುತ್ತದೆ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಕಟ್ಟಡಕ್ಕೆ, ಸೌಲಭ್ಯಗಳಿಗೆ, ಬಿಲ್ಡರ್‌ನ ಬಡ್ಡಿ ಮತ್ತು ಲಾಭಕ್ಕೆ ಹೋಗುತ್ತದೆ. ಅಳತೆಗೋಲು ಒಂದೇ, ಅಳೆಯುತ್ತಿರುವ ವಸ್ತು ಬೇರೆ. ಹಾಗಾಗಿ ಬೆಲೆಯನ್ನು ಮೊದಲು ಬಿಡಿಸಬೇಕು, ಹೋಲಿಕೆ ಆಮೇಲೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅಲ್ಲಿ ನಕ್ಷೆ ಬರೆದು, ರಸ್ತೆ, ಚರಂಡಿ, ಪಾರ್ಕುಗಳಿಗೆ ಜಾಗ ಬಿಟ್ಟು, ಉಳಿದದ್ದನ್ನು ನಿವೇಶನ ಮಾಡಿ ಹಂಚಿತು. 1976ರಲ್ಲಿ ಆ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಬಂತು. 30–40, 40–60, 50–80 ಎಂದು ಇವತ್ತಿಗೂ ಅಡಿ ಲೆಕ್ಕದಲ್ಲೇ ಅಲ್ಲಿನ ಸೈಟುಗಳ ಮಾತು. ಹಂಚಿಕೆ ಎಷ್ಟೋ ದಶಕದ ಹಿಂದೆಯೇ ಮುಗಿದಿದೆ. ಹೊಸ ಸೈಟು ಹುಟ್ಟುವ ಮಾತೇ ಇಲ್ಲ. ಮಾರಾಟಕ್ಕೆ ಬರುವುದು ಒಂದು ಕುಟುಂಬ ತನ್ನ ಮನೆಯನ್ನು ಬಿಡಲು ಮನಸ್ಸು ಮಾಡಿದಾಗ ಮಾತ್ರ.

ವೈಟ್‌ಫೀಲ್ಡ್ 1880ರ ದಶಕದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಎದ್ದ ಪುಟ್ಟ ವಸಾಹತು. 1990ರ ದಶಕದಲ್ಲಿ ಐಟಿ ಕಂಪನಿಗಳ ಕಚೇರಿ ಸಂಕೀರ್ಣವಾದ ಐಟಿಪಿಎಲ್ ಬಂದ ಮೇಲೆ ಸುತ್ತಲಿನ ಹೂಡಿ, ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ವರ್ತೂರು, ಕಾಡುಗೋಡಿಗಳೆಲ್ಲ ಆ ಒಂದೇ ಹೆಸರಿನ ಕೆಳಗೆ ಬಂದವು. ಈ ಭಾಗ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಅಷ್ಟರಲ್ಲಿ ಹೊಲದ ಸರ್ವೆ ನಂಬರುಗಳ ಮೇಲೆ, ಪಂಚಾಯಿತಿ ಮತ್ತು ನಗರಸಭೆಯ ಅನುಮತಿಯಲ್ಲಿ, ಸಾವಿರಾರು ಮನೆಗಳು ಎದ್ದಾಗಿತ್ತು. ಮನೆ ಮೊದಲು ಬಂತು, ರಸ್ತೆ, ಒಳಚರಂಡಿ, ನೀರಿನ ಪೈಪು ಹಿಂದಿನಿಂದ ಬಂದವು. ಈಗಲೂ ಬರುತ್ತಿವೆ. ಅಲ್ಲಿ ಜಮೀನು ಇನ್ನೂ ಎಕರೆ ಲೆಕ್ಕದಲ್ಲಿ ಕೈ ಬದಲಾಯಿಸುತ್ತದೆ. ಮಾರುಕಟ್ಟೆಗೆ ಎಷ್ಟು ಮನೆ ಬರಬೇಕು ಎನ್ನುವುದನ್ನು ಬಿಲ್ಡರ್ ನಿರ್ಧರಿಸುತ್ತಾನೆ, ಒಂದು ಸಲಕ್ಕೆ ಐನೂರು, ಸಾವಿರದ ಲೆಕ್ಕದಲ್ಲಿ.

ಇದರಿಂದ ಬೆಲೆಯ ನಡೆ ಬದಲಾಗುತ್ತದೆ. ಮಾರುಕಟ್ಟೆ ಮಂಕಾದಾಗ ಜಯನಗರದಲ್ಲಿ ಬೆಲೆ ಇಳಿಯುವುದು ಕಡಿಮೆ, ವ್ಯಾಪಾರವೇ ನಿಂತುಹೋಗುತ್ತದೆ. ಮಾಲೀಕರ ಮೇಲೆ ಸಾಮಾನ್ಯವಾಗಿ ಸಾಲವಿರುವುದಿಲ್ಲ. "ಈ ವರ್ಷ ಬೇಡ, ನೋಡೋಣ" ಎಂದು ಸುಮ್ಮನಾಗುತ್ತಾರೆ. ವೈಟ್‌ಫೀಲ್ಡ್‌ನ ಬಿಲ್ಡರ್‌ಗೆ ಸುಮ್ಮನಿರುವ ಅವಕಾಶವಿಲ್ಲ, ಜಮೀನಿನ ಸಾಲಕ್ಕೆ ತಿಂಗಳು ತಿಂಗಳು ಬಡ್ಡಿ ಓಡುತ್ತಿರುತ್ತದೆ. ಆದರೂ ಅವನು ದರಪಟ್ಟಿಯಲ್ಲಿ ಅಂಕಿ ಇಳಿಸುವುದಿಲ್ಲ. ನಿನ್ನೆ ಕೊಂಡವರು ಗಲಾಟೆಗೆ ಬರುತ್ತಾರಲ್ಲ. ಬದಲಿಗೆ ನೋಂದಣಿ ಖರ್ಚು ನಮ್ಮದು, ಕಾರ್ ಪಾರ್ಕಿಂಗ್ ಉಚಿತ, ಕೀ ಕೈಗೆ ಬರುವ ತನಕ ಇಎಂಐ ಇಲ್ಲ, ಹೀಗೆ ಕೊಡುಗೆಗಳು ಶುರುವಾಗುತ್ತವೆ. ಇವನ್ನು ಕೊಡುಗೆ ಎಂದು ನೋಡಬೇಡಿ, ಬೆಲೆ ಇಳಿದಿದೆ ಎಂದು ಓದಿಕೊಳ್ಳಿ. ಪ್ರತಿಯೊಂದಕ್ಕೂ ರೂಪಾಯಿ ಲೆಕ್ಕ ಹಾಕಿ ಒಟ್ಟು ಮೊತ್ತದಿಂದ ಕಳೆದರೆ ನಿಜವಾದ ದರ ಸಿಗುತ್ತದೆ.

ಈಗ ಬಿಡಿಸುವ ಕೆಲಸ. ಇಲ್ಲಿ ಹೇಳುವ ದರಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನೀವು ನೋಡುತ್ತಿರುವ ಬೀದಿಯ ದರವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ.

ಜಯನಗರದಲ್ಲಿ 40–60 ಸೈಟು, ಅಂದರೆ 2,400 ಚದರ ಅಡಿ. ಹಳೆ ಮನೆ ಕೆಡವಿ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೊಂದು ಫ್ಲ್ಯಾಟು. ಪ್ರತಿ ಫ್ಲ್ಯಾಟಿಗೆ ನೆಲದ ಅವಿಭಜಿತ ಪಾಲು, ಎಲ್ಲರೂ ಯುಡಿಎಸ್ ಎನ್ನುವುದು, 600 ಚದರ ಅಡಿ. 1,600 ಚದರ ಅಡಿಯ ಆ ಫ್ಲ್ಯಾಟಿಗೆ 2.4 ಕೋಟಿ ಕೇಳುತ್ತಿದ್ದಾರೆ ಎನ್ನೋಣ. ಕಟ್ಟಲು ಚದರ ಅಡಿಗೆ 2,500 ರೂಪಾಯಿ ಹಿಡಿದರೆ 40 ಲಕ್ಷ. ಉಳಿದ 2 ಕೋಟಿಯನ್ನು 600ರಿಂದ ಭಾಗಿಸಿ. ನೆಲಕ್ಕೆ ಚದರ ಅಡಿಗೆ ಸುಮಾರು 33,300 ರೂಪಾಯಿ ಕೊಟ್ಟಂತಾಯಿತು. ಅದೇ ರಸ್ತೆಯಲ್ಲಿ ಬರಿ ಸೈಟು ಎಷ್ಟಕ್ಕೆ ಹೋಗುತ್ತಿದೆ ಎಂದು ವಿಚಾರಿಸಿ. 28,000 ಎಂದು ತಿಳಿದರೆ, ನಿಮ್ಮ ಫ್ಲ್ಯಾಟಿನಲ್ಲಿ ಬಿಲ್ಡರ್‌ನ ಪಾಲು ಚದರ ಅಡಿ ನೆಲಕ್ಕೆ 5,300, ಒಟ್ಟು 32 ಲಕ್ಷ. ಚೌಕಾಸಿಗೆ ಇರುವ ಜಾಗ ಅದೇ.

ವೈಟ್‌ಫೀಲ್ಡ್‌ನಲ್ಲಿ ಹತ್ತು ಎಕರೆಯ ಯೋಜನೆ, ಸಾವಿರ ಫ್ಲ್ಯಾಟು. ಎಕರೆಗೆ 43,560 ಚದರ ಅಡಿಯಂತೆ ಒಟ್ಟು 4,35,600. ಪಾರ್ಕಿಗೆ, ರಸ್ತೆ ಅಗಲೀಕರಣಕ್ಕೆ ಬಿಟ್ಟುಕೊಟ್ಟದ್ದನ್ನು ಕಳೆದು ಒಂದು ಫ್ಲ್ಯಾಟಿಗೆ 400 ಚದರ ಅಡಿ ಯುಡಿಎಸ್ ಎನ್ನೋಣ. ಮೆಟ್ಟಿಲು, ಲಿಫ್ಟಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ ಅಳತೆ, ಅಂದರೆ ಸೂಪರ್ ಬಿಲ್ಟಪ್, 1,600 ಚದರ ಅಡಿ, ಬೆಲೆ 1.6 ಕೋಟಿ. ಎತ್ತರದ ಕಟ್ಟಡಕ್ಕೆ ಲಿಫ್ಟು, ಅಗ್ನಿಶಾಮಕ ವ್ಯವಸ್ಥೆ, ಎರಡು ಹಂತದ ನೆಲಮಾಳಿಗೆ, ಕ್ಲಬ್‌ಹೌಸ್ ಸೇರಿ ಖರ್ಚು ಹೆಚ್ಚು. ಚದರ ಅಡಿಗೆ 4,000 ಹಿಡಿದರೆ 64 ಲಕ್ಷ. ಜಮೀನು ಎಕರೆಗೆ 40 ಕೋಟಿ ಎಂದುಕೊಂಡರೂ ಚದರ ಅಡಿಗೆ 9,200ರ ಆಸುಪಾಸು, 400 ಅಡಿಗೆ ಸುಮಾರು 37 ಲಕ್ಷ. ಎರಡೂ ಸೇರಿ ಒಂದು ಕೋಟಿ. ಮಿಕ್ಕ 59 ಲಕ್ಷ ಬಡ್ಡಿ, ಅನುಮತಿ ಶುಲ್ಕ, ಜಾಹೀರಾತು, ಲಾಭ. ಹತ್ತು ವರ್ಷದ ನಂತರ ಮಾರಲು ಹೋದಾಗ ನಿಮ್ಮ ಕೈಯಲ್ಲಿ ಗಟ್ಟಿಯಾಗಿ ಉಳಿಯುವುದು ಆ 400 ಅಡಿ ನೆಲ. ಕಟ್ಟಡಕ್ಕೆ ವಯಸ್ಸಾಗಿರುತ್ತದೆ. ಪಕ್ಕದ ಐದು ಎಕರೆಯಲ್ಲಿ ಹೊಸ ಟವರ್ ಎದ್ದು, ಹೊಸ ಲಾಬಿ ತೋರಿಸಿ ನಿಮ್ಮ ಗಿರಾಕಿಯನ್ನೇ ಕರೆದುಕೊಂಡಿರುತ್ತದೆ.

ಹಾಗೆಂದು ವೈಟ್‌ಫೀಲ್ಡ್ ಬೇಡ ಎಂದು ನಾನು ಹೇಳುತ್ತಿಲ್ಲ. ಕಚೇರಿ ಅಲ್ಲೇ ಇದ್ದು ದಿನಕ್ಕೆ ಎರಡು ಗಂಟೆ ಪ್ರಯಾಣ ಉಳಿಯುವುದಾದರೆ ಆ ಲೆಕ್ಕವೇ ಬೇರೆ, ಅದಕ್ಕೆ ಬೆಲೆ ಕೊಡುವುದು ನ್ಯಾಯ. ಏನಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂಬುದು ಗೊತ್ತಿರಲಿ ಎನ್ನುವುದಷ್ಟೇ ನನ್ನ ಕಳಕಳಿ. ಯುಡಿಎಸ್ ಅಂಕಿಯನ್ನು ಬ್ರೋಷರಿನಲ್ಲಿ ಹುಡುಕಬೇಡಿ. ಕ್ರಯದ ಕರಾರಿನ ಷೆಡ್ಯೂಲ್‌ನಲ್ಲಿ ಇರುತ್ತದೆ, ಮುಂಗಡ ಕೊಡುವ ಮೊದಲೇ ಕರಡು ತರಿಸಿ ಓದಿ.

ಜಯನಗರದ ಅಪಾಯಗಳಿಗೆ ಬರೋಣ. ಅಲ್ಲಿ ನೆಲದ ಮೂಲದ ಬಗ್ಗೆ ತಕರಾರು ಕಡಿಮೆ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಮಂಡಳಿಯಿಂದ ಆದ ಶುದ್ಧ ಕ್ರಯಪತ್ರ, ಈ ಮೂರು ಸಿಕ್ಕರೆ ಮೂಲ ಮುಗಿಯಿತು. ಕಷ್ಟ ಬರುವುದು ಎರಡು ಕಡೆಯಿಂದ, ಮೇಲೆ ಎದ್ದಿರುವ ಕಟ್ಟಡದಿಂದ ಮತ್ತು ಮನೆಯ ವಾರಸುದಾರರಿಂದ.

ಕಟ್ಟಡ ನೋಡಿ. ಆ ಸೈಟಿಗೆ ಎಫ್‌ಎಆರ್, ಅಂದರೆ ನೆಲದ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಮಿತಿ, 1.75 ಎಂದಿದ್ದರೆ 2,400 ಅಡಿಯ ಮೇಲೆ ಕಟ್ಟಬಹುದಾದದ್ದು 4,200 ಚದರ ಅಡಿ. ನಾಲ್ಕು ಮಹಡಿಗೆ ಹಂಚಿದರೆ ಮಹಡಿಗೆ 1,050. ಈಗಷ್ಟೇ ಉದಾಹರಣೆಗೆ ತೆಗೆದುಕೊಂಡ ಫ್ಲ್ಯಾಟು 1,600! ಸೂಪರ್ ಬಿಲ್ಟಪ್‌ನಲ್ಲಿ ಸೇರುವ ಮೆಟ್ಟಿಲು, ಲಿಫ್ಟು, ಪಾರ್ಕಿಂಗ್ ಪಾಲನ್ನೆಲ್ಲ ಕಳೆದರೂ ಲೆಕ್ಕ ಕೂಡಿಬರದಿದ್ದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗ ನುಂಗಿದ್ದಾರೆ ಅಥವಾ ನಕ್ಷೆಯಲ್ಲಿಲ್ಲದ ಮಹಡಿ ಎಬ್ಬಿಸಿದ್ದಾರೆ ಎಂದರ್ಥ. ಮಂಜೂರಾದ ನಕ್ಷೆ ಕೈಯಲ್ಲಿ ಹಿಡಿದು, ಟೇಪು ತೆಗೆದುಕೊಂಡು ಕಾಂಪೌಂಡಿನಿಂದ ಗೋಡೆಗೆ ನಾಲ್ಕೂ ಕಡೆ ಅಳೆಯಿರಿ. ಹತ್ತು ನಿಮಿಷದ ಕೆಲಸ, ಹೆಚ್ಚಿನವರು ಮಾಡುವುದಿಲ್ಲ. ಉಲ್ಲಂಘನೆ ಇದ್ದರೆ ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಓಸಿ, ಸಿಗುವುದು ಕಷ್ಟ. ಮೊದಲೆಲ್ಲ ಓಸಿ ಇಲ್ಲದೆಯೇ ಕರೆಂಟು, ನೀರು ಬರುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಸಿ ನೋಡಿಯೇ ಸಂಪರ್ಕ ಕೊಡಬೇಕು ಎಂದ ಮೇಲೆ ಪರಿಸ್ಥಿತಿ ಬಿಗಿಯಾಗಿದೆ. 1,200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ 2025ರಲ್ಲಿ ಸರ್ಕಾರ ಓಸಿಯಿಂದ ವಿನಾಯಿತಿ ಕೊಡಲು ಮುಂದಾಯಿತು, ಆದರೆ ನಾವು ಮಾತಾಡುತ್ತಿರುವ 40–60ಕ್ಕೆ ಆ ಅನುಕೂಲ ಇಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಫ್ಲ್ಯಾಟು ಮೀರದ ಯೋಜನೆಗೆ, ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯಿದೆಯಾದ ರೇರಾದಡಿ ನೋಂದಣಿ ಬೇಕಿಲ್ಲ. 40–60 ಸೈಟು ಎಂದರೆ 223 ಚದರ ಮೀಟರ್, ಫ್ಲ್ಯಾಟು ನಾಲ್ಕು. ಅಂದರೆ ಜಯನಗರದ ಈ ಬಗೆಯ ಮರುನಿರ್ಮಾಣಗಳು ನೋಂದಣಿಯ ಹೊರಗೇ ಉಳಿಯುತ್ತವೆ. ಗಿರಾಕಿಗಳ ದುಡ್ಡಿನಲ್ಲಿ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡುವ ನಿಯಮ, ಕರಾರು ನೋಂದಣಿಗೆ ಮೊದಲು ಶೇ. 10ಕ್ಕಿಂತ ಹೆಚ್ಚು ಪಡೆಯಬಾರದೆಂಬ ನಿಯಮ, ಐದು ವರ್ಷ ಕಟ್ಟಡದ ದೋಷ ಸರಿಪಡಿಸುವ ಹೊಣೆ, ಇವನ್ನೆಲ್ಲ ನಿಮ್ಮ ಕರಾರಿನಲ್ಲೇ ಷರತ್ತಾಗಿ ಬರೆಸಿಕೊಳ್ಳಬೇಕು. ಬಿಲ್ಡರ್ ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಎಂದು ಯೋಚಿಸಿ.

ಜಂಟಿ ಅಭಿವೃದ್ಧಿಯ ಕಟ್ಟಡವಾದರೆ, ಎಂದರೆ ಸೈಟು ಒಬ್ಬರದು, ಕಟ್ಟಿದ್ದು ಇನ್ನೊಬ್ಬರು, ನಾಲ್ಕರಲ್ಲಿ ಎರಡೆರಡು ಹಂಚಿಕೊಂಡಿದ್ದಾರೆ ಎಂದರೆ, ನೀವು ಕೊಳ್ಳುವ ಫ್ಲ್ಯಾಟು ಯಾರ ಪಾಲಿಗೆ ಬಿದ್ದಿದೆ ಎಂದು ಹಂಚಿಕೆ ಕರಾರಿನಲ್ಲಿ ನೋಡಿ. ಬಿಲ್ಡರ್ ಪಾಲಿನದಾದರೆ ಅವನು ಮಾಲೀಕರು ಕೊಟ್ಟ ಅಧಿಕಾರ ಪತ್ರದ, ಅಂದರೆ ಜಿಪಿಎ, ಮೇಲೆ ಸಹಿ ಹಾಕುತ್ತಾನೆ. ಕಟ್ಟಡ ಮುಗಿಯುವಷ್ಟರಲ್ಲಿ ಮಾಲೀಕರು ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲರನ್ನೂ ಒಪ್ಪಿಗೆದಾರರಾಗಿ ಕ್ರಯಪತ್ರಕ್ಕೆ ಸೇರಿಸಿಕೊಳ್ಳಿ.

ವಾರಸುದಾರರ ವಿಷಯದಲ್ಲಿ ಜನ ಎಡವುವುದು ಒಂದು ತಪ್ಪು ತಿಳಿವಳಿಕೆಯಿಂದ. "ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದು 2005ರಲ್ಲಿ, ನಮ್ಮಪ್ಪ ತೀರಿಕೊಂಡದ್ದು 1985ರಲ್ಲಿ, ಅಕ್ಕಂದಿರ ಸಹಿ ಬೇಕಿಲ್ಲ" ಎಂದು ಮಾರುವವರು ಹೇಳುವುದುಂಟು. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ಮಂಡಳಿಯಿಂದ ತಂದೆಯೇ ದುಡ್ಡು ಕಟ್ಟಿ ಪಡೆದ ಸೈಟು ಸ್ವಯಾರ್ಜಿತ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಉತ್ತರಾಧಿಕಾರ ಕಾಯಿದೆಯ ಪ್ರಕಾರವೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. 1985ರಲ್ಲೂ ಅಕ್ಕಂದಿರಿಗೆ ಹಕ್ಕಿತ್ತು. ಹಾಗಾಗಿ ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ನೋಂದಾಯಿತ ಹಕ್ಕು ಖುಲಾಸೆ ಪತ್ರ ಕೊಟ್ಟಿದ್ದಾರೆಯೇ, ವಿಭಾಗ ಪತ್ರಕ್ಕೆ ಸಹಿ ಹಾಕಿದ್ದಾರೆಯೇ ನೋಡಿ. ಖಾತಾ ಒಬ್ಬ ಮಗನ ಹೆಸರಿಗಿದೆ ಎಂದ ಮಾತ್ರಕ್ಕೆ ಮನೆ ಅವನೊಬ್ಬನದಾಗುವುದಿಲ್ಲ. ಖಾತಾ ಇರುವುದು ತೆರಿಗೆ ಕಟ್ಟಲು.

ವಾರಸುದಾರರಲ್ಲಿ ಒಬ್ಬರಾದರೂ ವಿದೇಶದಲ್ಲಿರುವುದು ಜಯನಗರದಲ್ಲಿ ಮಾಮೂಲು. ಅವರು ಅಲ್ಲಿಂದ ಕಳಿಸುವ ಅಧಿಕಾರ ಪತ್ರಕ್ಕೆ ರಾಜ್ಯ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ತೆರಿಗೆಯ ವಿಷಯ ಇನ್ನೂ ಮುಖ್ಯ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮನೆಗೆ ಕೊಳ್ಳುವವರು ಶೇ. 1 ಟಿಡಿಎಸ್, ಅಂದರೆ ಮಾರುವವರ ತೆರಿಗೆಯ ಪಾಲು, ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಮಾರುವವರು ಅನಿವಾಸಿಯಾದರೆ ಈ ಶೇ. 1 ನಡೆಯುವುದಿಲ್ಲ, ಬಂಡವಾಳ ಲಾಭದ ಮೇಲಿನ ದರ ಅನ್ವಯಿಸುತ್ತದೆ. ಅದು ಹಲವು ಪಟ್ಟು ದೊಡ್ಡದು. ಗೊತ್ತಿಲ್ಲದೆ ಕಡಿಮೆ ಹಿಡಿದರೆ ಇಲಾಖೆ ಬಾಕಿಯನ್ನು ವಸೂಲಿ ಮಾಡುವುದು ನಿಮ್ಮಿಂದ. ತೆರಿಗೆ ಕಡಿಮೆ ಹಿಡಿಯಲು ಇಲಾಖೆ ಕೊಡುವ ಪ್ರಮಾಣಪತ್ರ ತೆಗೆಸಿಕೊಳ್ಳಲು ಮಾರುವವರಿಗೆ ಕರಾರಿನಲ್ಲೇ ಗಡುವು ಕೊಡಿ. ವಾರಗಟ್ಟಲೆ ಹಿಡಿಯುವ ಕೆಲಸ ಅದು.

ವೈಟ್‌ಫೀಲ್ಡ್‌ನ ಚಿಂತೆ ತಿರುಗುಮುರುಗು. ದೊಡ್ಡ ಯೋಜನೆಗಳಿಗೆ ರೇರಾ ಇದೆ, ನಕ್ಷೆ ವೆಬ್‌ಸೈಟಿನಲ್ಲಿದೆ, ಕಟ್ಟಡ ಸಾಮಾನ್ಯವಾಗಿ ನಕ್ಷೆಯಂತೆಯೇ ಇರುತ್ತದೆ. ಕೆಳಗಿನ ನೆಲ ಎಲ್ಲಿಂದ ಬಂತು ಎನ್ನುವುದನ್ನು ನೋಡಬೇಕು. ಪಹಣಿ, ಮ್ಯುಟೇಶನ್, ಭೂ ಪರಿವರ್ತನೆಯ ಆದೇಶ, ಸರ್ವೆ ನಕ್ಷೆ, ಇವು ಸರ್ವೆ ನಂಬರಿಗೊಂದು ಕಂತೆ. ಹತ್ತು ಎಕರೆಯ ಯೋಜನೆ ಆರೇಳು ಸರ್ವೆ ನಂಬರುಗಳ ಮೇಲೆ ಹರಡಿರಬಹುದು, ಒಂದರಲ್ಲಿ ದೋಷವಿದ್ದರೂ ಅದರ ಮೇಲೆ ನಿಂತ ಟವರ್‌ಗೆ ತಟ್ಟುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯಿದೆ ಅಡ್ಡ ಬರುತ್ತದೆ. ಅನುಮತಿಯಿಲ್ಲದೆ ಆದ ಮಾರಾಟ ಎಷ್ಟು ಕೈ ಬದಲಾಗಿದ್ದರೂ ಊರ್ಜಿತವಲ್ಲ, 2023ರ ತಿದ್ದುಪಡಿಯ ನಂತರ ಜಮೀನು ಮರಳಿ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ, ಹಳೆ ಗ್ರಾಮನಕ್ಷೆಯಲ್ಲಿ ಮಳೆನೀರು ಹರಿಯುವ ರಾಜಕಾಲುವೆಯ ಗೆರೆ ಎಲ್ಲಿ ಹಾದಿದೆ ಎನ್ನುವುದನ್ನು ನೋಡಿ. 2022ರ ಸೆಪ್ಟೆಂಬರ್‌ನ ಮಳೆಗೆ ನಗರದ ಪೂರ್ವಭಾಗ ಮುಳುಗಿದ್ದನ್ನು ನೀವೆಲ್ಲ ನೋಡಿದ್ದೀರಿ. ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿಯಲ್ಲಿ ಮನೆ ಕಟ್ಟಿದರೆ ನೀರು ಆ ಮನೆಯೊಳಗೇ ಹಾದುಹೋಗುತ್ತದೆ.

ಕುಡಿಯುವ ನೀರಿನದು ಬೇರೆಯೇ ಲೆಕ್ಕ. ತಲೆಗೆ ದಿನಕ್ಕೆ 135 ಲೀಟರ್ ಎನ್ನುವುದು ನಗರಗಳ ಮಾನದಂಡ. 500 ಫ್ಲ್ಯಾಟು, ಮನೆಗೆ ಮೂವರು ಎಂದರೆ ದಿನಕ್ಕೆ 2,02,500 ಲೀಟರ್. ಕೊಳವೆ ಬಾವಿ ಬತ್ತಿದ ದಿನ 12,000 ಲೀಟರಿನ ಹದಿನೇಳು ಟ್ಯಾಂಕರ್ ಬೇಕು. 2024ರ ಬೇಸಿಗೆಯಲ್ಲಿ ಹೀಗೇ ಆಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಆದರೆ ರಸ್ತೆಯಲ್ಲಿ ಪೈಪು ಹೋಗಿದೆ ಎಂದರೆ ನಿಮ್ಮ ನೀರಿನ ತೊಟ್ಟಿಗೆ ನೀರು ಬಂತು ಎಂದಲ್ಲ, ಅಪಾರ್ಟ್‌ಮೆಂಟು ಜಲಮಂಡಳಿಗೆ ಶುಲ್ಕ ಕಟ್ಟಿ ಸಂಪರ್ಕ ಪಡೆದಿರಬೇಕು. ಸಂಘದ ಕಚೇರಿಯಲ್ಲಿ ಎರಡು ಕಾಗದ ಕೇಳಿ: ಹಿಂದಿನ ತಿಂಗಳ ಜಲಮಂಡಳಿ ಬಿಲ್ಲು, ಮಾರ್ಚ್–ಏಪ್ರಿಲ್‌ನ ಟ್ಯಾಂಕರ್ ಲೆಕ್ಕ. ಇವೆರಡನ್ನು ಓದಿದರೆ ಮಾರಾಟದವರ ಮಾತು ಬೇಕಾಗುವುದಿಲ್ಲ. ಕೊಳಚೆ ನೀರು ಶುದ್ಧೀಕರಣ ಘಟಕ ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದೂ ವಿಚಾರಿಸಿ. ಕರೆಂಟು ಬಿಲ್ಲು ಉಳಿಸಲು ನಿಲ್ಲಿಸಿಟ್ಟ ಘಟಕದ ವಾಸನೆ ಕೆಳಮಹಡಿಗಳ ಬಾಡಿಗೆಯನ್ನು ಇಳಿಸುತ್ತದೆ.

ಬಾಡಿಗೆಯ ಲೆಕ್ಕ ಚಿಕ್ಕದು. ಜಯನಗರದ 2.4 ಕೋಟಿಯ ಫ್ಲ್ಯಾಟಿಗೆ ತಿಂಗಳಿಗೆ 55,000 ಬಂದರೆ ವರ್ಷಕ್ಕೆ ಶೇ. 2.75. ವೈಟ್‌ಫೀಲ್ಡ್‌ನ 1.6 ಕೋಟಿಯದಕ್ಕೆ 50,000 ಬಂದರೆ ಶೇ. 3.75. ಒಂದು ಶೇಕಡಾ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಮೇಂಟೆನನ್ಸ್ ಮಾಲೀಕರೇ ಕೊಡುತ್ತಾರೆ ಎನ್ನೋಣ. ವೈಟ್‌ಫೀಲ್ಡ್‌ನಲ್ಲಿ ಚದರ ಅಡಿಗೆ 4 ರೂಪಾಯಿಯಂತೆ ವರ್ಷಕ್ಕೆ ಸುಮಾರು 77,000, ಒಂದು ತಿಂಗಳು ಖಾಲಿ ಬಿದ್ದರೆ 50,000. ಉಳಿಯುವುದು 4.73 ಲಕ್ಷ, ಶೇ. 2.96. ಜಯನಗರದಲ್ಲಿ ಮೇಂಟೆನನ್ಸ್ ತಿಂಗಳಿಗೆ 3,000, ಖಾಲಿ ಅರ್ಧ ತಿಂಗಳು ಎಂದರೆ ಶೇ. 2.5ರಷ್ಟು ಉಳಿಯುತ್ತದೆ. ವ್ಯತ್ಯಾಸ ಅರ್ಧಕ್ಕಿಳಿಯಿತು. ಅಲ್ಲದೆ ವೈಟ್‌ಫೀಲ್ಡ್‌ನ ಬಾಡಿಗೆ ಒಂದೇ ಉದ್ಯಮಕ್ಕೆ ಕಟ್ಟಿಕೊಂಡಿದೆ. 2020ರಲ್ಲಿ ಮನೆಯಿಂದ ಕೆಲಸ ಶುರುವಾದಾಗ ಅಲ್ಲಿ ಫ್ಲ್ಯಾಟುಗಳು ಖಾಲಿಯಾದವು, ಕಚೇರಿಗಳು ತೆರೆದಾಗ ಬಾಡಿಗೆ ಜಿಗಿಯಿತು. ಜಯನಗರದಲ್ಲಿ ಶಾಲೆ, ಆಸ್ಪತ್ರೆ, ಅಪ್ಪ ಅಮ್ಮನ ಮನೆಯ ಹತ್ತಿರ ಇರಬೇಕೆಂಬ ಆಸೆ, ಹೀಗೆ ಬಾಡಿಗೆದಾರರು ಬರುವ ಕಾರಣಗಳು ಹಲವು. ಬಂದವರು ವರ್ಷಗಟ್ಟಲೆ ಇರುತ್ತಾರೆ.

ಮೆಟ್ರೊ ಬಂದರೆ ಬೆಲೆ ಏರುತ್ತದೆ ಎಂದು ಈಗಲೂ ಹೇಳಿ ಮಾರುವವರಿದ್ದಾರೆ. ಜಯನಗರಕ್ಕೆ ಹಸಿರು ಮಾರ್ಗ ಬಂದದ್ದು 2017ರಲ್ಲಿ. ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ 2023ರ ಮಾರ್ಚ್‌ನಲ್ಲಿ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಡೀ ಮಾರ್ಗ ಜೋಡಣೆಯಾಯಿತು. ಎರಡೂ ಕಡೆ ಆ ಏರಿಕೆ ಇವತ್ತಿನ ಬೆಲೆಯಲ್ಲೇ ಸೇರಿದೆ, ಅದಕ್ಕೆ ಇನ್ನೊಮ್ಮೆ ದುಡ್ಡು ಕೊಡಬೇಡಿ.

ನೋಂದಣಿಯ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಇಡಿ. 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಒಟ್ಟು ಶೇ. 7.6. ಜಯನಗರದ ನಮ್ಮ ಫ್ಲ್ಯಾಟಿಗೆ 18.24 ಲಕ್ಷ, ವೈಟ್‌ಫೀಲ್ಡ್‌ನದಕ್ಕೆ 12.16 ಲಕ್ಷ. ಸರ್ಕಾರ ಆ ಜಾಗಕ್ಕೆ ನಿಗದಿ ಮಾಡಿದ ಮಾರ್ಗಸೂಚಿ ದರ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಕಟ್ಟುತ್ತಿರುವ ಫ್ಲ್ಯಾಟಾದರೆ ಇದರ ಮೇಲೆ ಶೇ. 5 ಜಿಎಸ್‌ಟಿ, 1.6 ಕೋಟಿಗೆ 8 ಲಕ್ಷ. ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ.

ವೈಟ್‌ಫೀಲ್ಡ್‌ನಲ್ಲಿ ಚೌಕಾಸಿಗೆ ಕೂರುವ ಮುಂಚೆ ಅದೇ ಬಿಲ್ಡರ್ ಐದಾರು ವರ್ಷದ ಹಿಂದೆ ಕೊಟ್ಟ ಯೋಜನೆಗೆ ಹೋಗಿ, ಅಲ್ಲಿ ಮರುಮಾರಾಟಕ್ಕಿರುವ ಫ್ಲ್ಯಾಟುಗಳ ಬೆಲೆ ಕೇಳಿ. ಹೊಸದಕ್ಕೂ ಹಳೆಯದಕ್ಕೂ ಶೇ. 20ರ ಅಂತರವಿದ್ದರೆ, ಐದಾರು ವರ್ಷದ ನಂತರ ನಿಮ್ಮದಕ್ಕೂ ಅದೇ ಅಂತರ ಕಾದಿದೆ, ಹಳೆಯದನ್ನೇ ಕೊಳ್ಳುವುದು ಜಾಣತನ. ಜಯನಗರದಲ್ಲಿ ಮಾರುವ ಕುಟುಂಬಕ್ಕೆ ಕೆಲವೊಮ್ಮೆ ಬೆಲೆಗಿಂತ ಸಮಯ ಮುಖ್ಯ. ನಾಲ್ಕು ಮಂದಿ ವಾರಸುದಾರರು ಒಂದೇ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕು, ವಯಸ್ಸಾದ ತಾಯಿಗೆ ಬೇರೆ ಮನೆ ನೋಡಬೇಕು, ಇ-ಖಾತಾ ಸರಿಪಡಿಸಿಕೊಳ್ಳಬೇಕು. ಬ್ಯಾಂಕಿನ ಸಾಲ ಮೊದಲೇ ಮಂಜೂರು ಮಾಡಿಸಿಕೊಂಡು ಹೋಗಿ, ಕೇಳಿದಷ್ಟು ತಿಂಗಳ ಕಾಲಾವಕಾಶ ಕೊಡುತ್ತೇವೆ ಎಂದವರಿಗೆ, ಹೆಚ್ಚು ದರ ಹೇಳಿ ಆತುರ ಮಾಡುವವರಿಗಿಂತ ಮೊದಲು ಒಪ್ಪಿಗೆ ಸಿಗುವುದುಂಟು.